ಥೈರಾಯ್ಡ್: ದಾರಂದದ ದಾಯಾದಿ

ಬಾಗಿಲ ಚೌಕಟ್ಟಿಗೆ ಬಡಗಿ ಹೇಳುವ 'ದಾರಂದ'ವೂ ಲ್ಯಾಬ್ ರಿಪೋರ್ಟಿನ 'ಥೈರಾಯ್ಡ್' ಪದವೂ ದಾಯಾದಿಗಳು ಎಂದರೆ ತಮಾಷೆ ಅನ್ನಿಸೀತು. ದಾರಂದ ಸಂಸ್ಕೃತದ ದ್ವಾರಬಂಧದಿಂದ ಸವೆದು ಬಂದದ್ದು. ಆ 'ದ್ವಾರ'ಕ್ಕೆ ಗ್ರೀಕಿನಲ್ಲೊಂದು ಒಡಹುಟ್ಟಿದ ಪದವಿದೆ, 'ಥೂರ'. ಅರ್ಥವೂ ಬಾಗಿಲೇ.

ಥೂರದಿಂದ ಹುಟ್ಟಿದ್ದು 'ಥುರೆಯೋಸ್'. ಹೋಮರನ 'ಒಡಿಸ್ಸಿ'ಯಲ್ಲಿ ಒಕ್ಕಣ್ಣಿನ ದೈತ್ಯ ಗುಹೆಯ ಬಾಯಿಗೆ ಅಡ್ಡ ಇಡುವ ಬಂಡೆಯ ಹೆಸರು ಅದು. ಕೆಲವು ಶತಮಾನ ಕಳೆದ ಮೇಲೆ ಸೈನಿಕರ ಉದ್ದನೆಯ ಗುರಾಣಿಗೂ ಅದೇ ಹೆಸರು ಬಿತ್ತು. ನೋಡಲು ಬಾಗಿಲ ಹಲಗೆಯ ಹಾಗೇ ಇತ್ತಲ್ಲ. ಕ್ರಿ.ಶ. ಎರಡನೆಯ ಶತಮಾನದ ವೈದ್ಯ ಗ್ಯಾಲೆನ್ ಗಂಟಲಿನ ಒಂದು ಮೃದ್ವಸ್ಥಿಯನ್ನು ಥೈರಾಯ್ಡ್, ಅಂದರೆ 'ಗುರಾಣಿಯಂಥದ್ದು', ಎಂದು ಕರೆದ. ಗಂಡಸರು ನೀರು ಕುಡಿಯುವಾಗ ಕುತ್ತಿಗೆಯಲ್ಲಿ ಮೇಲೆ ಕೆಳಗೆ ಆಡುವ ಉಬ್ಬು ಅದೇ.

ಇಲ್ಲಿವರೆಗೆ ಗ್ರಂಥಿಯ ಸುದ್ದಿಯೇ ಇಲ್ಲ. 1656ರಲ್ಲಿ ಲಂಡನ್ನಿನ ಥಾಮಸ್ ವಾರ್ಟನ್ ತನ್ನ 'ಅಡಿನೋಗ್ರಾಫಿಯಾ' ಗ್ರಂಥದಲ್ಲಿ ಆ ಮೃದ್ವಸ್ಥಿಯ ಪಕ್ಕದ ಗ್ರಂಥಿಗೂ ಅದೇ ಹೆಸರಿಟ್ಟ. ಗುರಾಣಿ ಎಂಬುದು ನೆರೆಯವರಿಂದ ಕಡ ತಂದ ಹೆಸರು. ಈ ಗ್ರಂಥಿ ಯಾಕಾಗಿ ಇದೆ ಎಂಬುದಕ್ಕೆ ಆತ ಕೊಟ್ಟ ಕಾರಣಗಳಲ್ಲೊಂದು: ಕುತ್ತಿಗೆ ದುಂಡಗೆ ಚೆಂದ ಕಾಣಲೆಂದು, ಅದಕ್ಕೇ ಹೆಂಗಸರಲ್ಲಿ ದೊಡ್ಡದಂತೆ!

ಜರ್ಮನರು ಇದನ್ನು 'ಗುರಾಣಿ ಗ್ರಂಥಿ' ಎಂದೇ ತಮ್ಮ ಮಾತಿಗೆ ತಂದುಕೊಂಡರು. ನಮ್ಮಲ್ಲಿ ಕಣ್ಣಿಗೆ ಕಾಣುವ ಊತಕ್ಕೆ 'ಗಳಗಂಡ' ಇತ್ತು, ಗ್ರಂಥಿಗೆ ಥೈರಾಯ್ಡನ್ನೇ ಇಟ್ಟುಕೊಂಡೆವು. ಆಮೇಲೆ ಅದರ ಅರ್ಥವನ್ನೂ ಜಗ್ಗಿದೆವು. "ಅತ್ತಿಗೆಗೆ ಥೈರಾಯ್ಡ್ ಇದೆಯಂತೆ" ಅನ್ನುತ್ತೇವೆ. ಇರಲೇಬೇಕಲ್ಲ! ಅಂಗದ ಹೆಸರು ಕಾಯಿಲೆಯ ಹೆಸರಾಯಿತು. ಶುಗರ್, ಬಿಪಿಗಳಿಗೂ ಮಾಡಿದ್ದು ಇದನ್ನೇ.

ಆಡುಮಾತಿಗೆ ಇದೇನೂ ತಪ್ಪಲ್ಲ, ಆದರೆ ಕಣ್ಣಿನ ವಿಷಯದಲ್ಲಿ ತೊಡಕಾಗುತ್ತದೆ. ಗಳಗಂಡ, ಎದೆಬಡಿತ, ಹೊರಚಾಚಿದ ಕಣ್ಣು ಒಟ್ಟಿಗೇ ಬರುವುದನ್ನು 1835ರಲ್ಲಿ ಡಬ್ಲಿನ್ನಿನ ಗ್ರೇವ್ಸ್, 1840ರಲ್ಲಿ ಜರ್ಮನಿಯ ಬಾಸೆಡೋ ಬರೆದಿಟ್ಟಿದ್ದರು. 1956ರಲ್ಲಿ ನ್ಯೂಜಿಲೆಂಡಿನ ಆಡಮ್ಸ್ ಮತ್ತು ಪರ್ವಿಸ್, ಇಂಥ ರೋಗಿಗಳ ರಕ್ತದಲ್ಲಿ ಗ್ರಂಥಿಯನ್ನು ಬಹಳ ಹೊತ್ತು ಕೆಣಕುವ ವಸ್ತುವೊಂದಿದೆ ಎಂದು ಕಂಡರು. ಅದು ದೇಹ ತನ್ನ ಮೇಲೇ ಬಿಟ್ಟ ಪ್ರತಿಕಾಯ ಎಂದು ಗೊತ್ತಾದದ್ದು ಮುಂದೆ. ಇಂದಿನ ರಿಪೋರ್ಟಿನಲ್ಲಿ ಅದು 'ಟಿಆರ್‌ಎಬಿ'. ಗ್ರಂಥಿಗೆ ಕೆಲಸ ಹೇಳುವ ಟಿಎಸ್‌ಎಚ್ ಹಾರ್ಮೋನು ಬಂದು ಕೂರಬೇಕಾದ ಗ್ರಾಹಕದ ಮೇಲೆ ಇದು ಕೂರುತ್ತದೆ. ಅಂಥ ಗ್ರಾಹಕಗಳು ಕಣ್ಣುಗುಡ್ಡೆಯ ಹಿಂದಿನ ಅಂಗಾಂಶದಲ್ಲೂ ಇವೆ. ಆ ಅಂಗಾಂಶ ಕೆರಳಿ, ನೀರು ಹಿಡಿದು ಊದುತ್ತದೆ. ಸುತ್ತಲೂ ಮೂಳೆ, ಗುಡ್ಡೆ ಮುಂದಕ್ಕೇ ಬರಬೇಕು.

ಟಿಆರ್‌ಎಬಿ ಮಟ್ಟ ಹೆಚ್ಚಿದ್ದಷ್ಟೂ ಕಣ್ಣಿಗೆ ಅಪಾಯ ಹೆಚ್ಚು, ಸಿಗರೇಟು ಸೇದಿದರೆ ಇನ್ನೂ ಹೆಚ್ಚು. ಗ್ರಂಥಿಯ ಮೇಲೇ ಬೀಳುವ ಇನ್ನೊಂದು ಪ್ರತಿಕಾಯ, ರಿಪೋರ್ಟುಗಳಲ್ಲಿ ಪದೇ ಪದೇ ಕಾಣುವ ಟಿಪಿಒ, ಹಾಗೆ ಮುನ್ಸೂಚನೆ ಕೊಡುವಂಥದ್ದಲ್ಲ.

ಹಾಗಾಗಿ 'ಥೈರಾಯ್ಡ್ ಕಣ್ಣು' ಎಂಬ ಹೆಸರು ಪೂರ್ತಿ ನಂಬುವಂಥದ್ದಲ್ಲ. ಗ್ರಂಥಿ ಹತೋಟಿಗೆ ಬಂದರೂ ಕಣ್ಣು ಕೆಡಬಹುದು, ಕೆಲವರಿಗೆ ಕಣ್ಣೇ ಮೊದಲು ಕೆಡುತ್ತದೆ. "ಟಿಎಸ್‌ಎಚ್ ನಾರ್ಮಲ್ ಬಂದಿದೆ" ಎಂದು ಸುಮ್ಮನಿರುವಂತಿಲ್ಲ. ಎರಡೆರಡು ಕಂಡರೆ ತೋರಿಸಿಕೊಳ್ಳಬೇಕು. ಕೆಂಪು ಬಣ್ಣ ಒಂದು ಕಣ್ಣಿಗೆ ಮಾಸಿದಂತೆ ಕಂಡರೆ ದೃಷ್ಟಿಯ ನರ ಅದುಮಿಕೊಳ್ಳುತ್ತಿರಬಹುದು, ಅಂದೇ ಕಣ್ಣಿನ ಡಾಕ್ಟರ ಬಳಿ ಹೋಗಬೇಕು.