ಒಂದೇ ಒಲೆಯ ಊರು (ಚೀನಾದ ಕಥೆಗಳು, ಭಾಗ 4)

ಆಸ್ತಿ ಎಲ್ಲರದು, ಅಡುಗೆ ಒಂದೇ ಕಡೆ, ಸ್ವಂತದ್ದು ಅಂತ ಯಾರಿಗೂ ಏನೂ ಇಲ್ಲ. ಮಾವೋನ ಕಮ್ಯೂನ್ ಅಂದ್ಕೊಂಡ್ರಾ? ಅಲ್ಲ, ಅದಕ್ಕೂ 30 ವರ್ಷ ಹಿಂದಿನ ಮಾತು.

ಶಾಂಡೋಂಗ್ ಪ್ರಾಂತ್ಯದ ಮಾಜುವಾಂಗ್ ಅನ್ನೋ ಹಳ್ಳಿ. ಸುತ್ತಮುತ್ತ ಸೇನಾಧಿಪತಿಗಳ ಕಾದಾಟ, ದರೋಡೆ, ಬರ. ಮಿಷನ್ ಶಾಲೆಯಲ್ಲಿ ಓದಿ ಕ್ರೈಸ್ತನಾಗಿದ್ದ ಜಿಂಗ್ ದಿಯಾನ್‌ಯಿಂಗ್ 1921ರಲ್ಲಿ ಅಲ್ಲೊಂದು ಸಹಕಾರಿ ಅಂಗಡಿ ತೆರೆದ. ಮುಂದೆ ಪೆಂಟೆಕೋಸ್ಟಲ್ ಮಿಷನ್ನಿನ ಸಂಪರ್ಕದಿಂದ, ಪವಿತ್ರಾತ್ಮದ ನೇರ ಅನುಭವವೇ ಮುಖ್ಯ ಅನ್ನೋ ನಂಬಿಕೆ ಬಂತು. 1927ರಲ್ಲಿ ರೇಷ್ಮೆಹುಳು ಸಾಕುತ್ತಾ, ನೇಯುತ್ತಾ ಒಟ್ಟಿಗೆ ಬಾಳುವ ಗುಂಪು ಕಟ್ಟಿದ. ಅದೇ ಮುಂದೆ ‘ಯೇಸು ಕುಟುಂಬ’ ಆಯ್ತು.

ಸೇರಬೇಕಾದ್ರೆ ಹೊಲ, ದುಡ್ಡು ಎಲ್ಲ ಒಪ್ಪಿಸಬೇಕು. ಬೆಳಗಿನ ಜಾವ ಪ್ರಾರ್ಥನೆ: ಅಳು, ದರ್ಶನ, ಅನ್ಯಭಾಷೆಯ ಮಾತು. ಆಮೇಲೆ ದುಡಿಮೆ. ವಿದೇಶಿ ಹಣದ ಹಂಗಿಲ್ಲ. ನೆಲೆ ಕಳಕೊಂಡವರಿಗೆ ಇದು ನಿಜವಾಗ್ಲೂ ಮನೆ. ಆದ್ರೆ ಆ ಮನೆಗೆ ಯಜಮಾನ ಜಿಂಗ್. ಯಾರು ಯಾರನ್ನ ಮದುವೆ ಆಗಬೇಕು ಅನ್ನೋದನ್ನೂ ಅವನೇ ತೀರ್ಮಾನಿಸ್ತಿದ್ದ.

1949ರ ಹೊತ್ತಿಗೆ ಇಂಥ 100ಕ್ಕೂ ಹೆಚ್ಚು ‘ಕುಟುಂಬ’ಗಳಿದ್ದವು. ಜನರನ್ನ ಒಟ್ಟುಗೂಡಿಸೋ ಶಕ್ತಿ ಪಕ್ಷದ ಹೊರಗೆ ಇರೋದು ಹೊಸ ಸರ್ಕಾರಕ್ಕೆ ಬೇಕಿರಲಿಲ್ಲ. 1952ರಲ್ಲಿ ಮಾಜುವಾಂಗ್‌ನ ಕುಟುಂಬ ಒಡೆದರು. ಆಸ್ತಿ ಹಂಚಿ, ಎಲ್ಲರನ್ನೂ ಬೇರೆ ಬೇರೆ ಮನೆ ಹೂಡಿಸಿದರು. ಜಿಂಗ್ ಜೈಲು ಸೇರಿದ, 1957ರಲ್ಲಿ ತೀರಿಕೊಂಡ.

ಮರುವರ್ಷ, 1958ರಲ್ಲಿ, ಅದೇ ಸರ್ಕಾರ ಹಳ್ಳಿಹಳ್ಳಿಯಲ್ಲೂ ಮನೆ ಒಲೆ ಆರಿಸಿ ಸಾಮೂಹಿಕ ಅಡುಗೆಮನೆ ತೆರೆಯಿತು. ಮಾಜುವಾಂಗ್‌ನವರು ಆ ಒಲೆಗೆ ಒಪ್ಪಿಕೊಂಡು ಬಂದಿದ್ದರು. ಈ ಸಲ ಒಪ್ಪಿಗೆ ಕೇಳೋರು ಯಾರೂ ಇರಲಿಲ್ಲ.

#ಇತಿಹಾಸ #ಚೀನಾ #ಕನ್ನಡ