ತಳ ತಿರುಗಿಸಿದರೆ ತಿಳಿಯುವ ಡೆಲ್ಫ್ಟ್ ನೀಲಿ

ಹಾಲೆಂಡಿಗೆ ಹೋಗಿ ಬಂದವರ ಷೋಕೇಸಿನಲ್ಲಿ ನೀಲಿ-ಬಿಳಿ ಬಣ್ಣದ ಒಂದು ತಟ್ಟೆಯೋ ಅಂಗೈಯಗಲದ ಗಾಳಿಗಿರಣಿಯೋ ಇದ್ದೇ ಇರುತ್ತದೆ. ತಳದಲ್ಲಿ ‘ಡೆಲ್ಫ್ಟ್’ ಎಂಬ ಬರಹ. ತಾತನ ಕಾಲದ ಇಂಥ ತಟ್ಟೆಗೆ ಭಾರಿ ಬೆಲೆ ಬರುತ್ತದೆಂದು ನಂಬಿ ಹರಾಜಿನವರ ಬಳಿಗೆ ಒಯ್ದು, ಬಸ್ ಚಾರ್ಜಿನಷ್ಟೂ ಗಿಟ್ಟದೆ ಹಿಂದಿರುಗುವವರುಂಟು. ನಿಜವಾಗಿಯೂ ಮುನ್ನೂರು ವರ್ಷ ಹಳೆಯದಾದ ಬಿಲ್ಲೆಯನ್ನು ಮೂರು ಕಾಸಿಗೆ ಮಾರಿಬಿಡುವವರೂ ಉಂಟು. ಎರಡಕ್ಕೂ ಕಾರಣ ಆ ಒಂದು ಪದವೇ.

ಡೆಲ್ಫ್ಟ್, ನೆದರ್ಲೆಂಡ್ಸಿನ ಒಂದು ಚಿಕ್ಕ ಊರು. 1602ರಲ್ಲಿ ಸ್ಥಾಪನೆಯಾದ ಡಚ್ ಈಸ್ಟ್ ಇಂಡಿಯಾ ಕಂಪೆನಿಯ ಹಡಗುಗಳು ಚೀನಾದ ಪಿಂಗಾಣಿಯನ್ನು ರಾಶಿ ರಾಶಿಯಾಗಿ ತಂದವು. ಶ್ರೀಮಂತರಿಗೆ ಅದರ ಹುಚ್ಚು ಹಿಡಿಯಿತು. ಆದರೆ 1644ರಲ್ಲಿ ಮಿಂಗ್ ವಂಶ ಉರುಳಿ, ಚೀನಾ ಒಳಜಗಳದಲ್ಲಿ ಮುಳುಗಿದಾಗ ಸರಕು ಬರುವುದು ಕಡಿಮೆಯಾಯಿತು. ಆ ಕೊರತೆಯನ್ನು ತುಂಬಿದವರು ಡೆಲ್ಫ್ಟಿನ ಕುಂಬಾರರು. ಬಿಯರ್ ವ್ಯಾಪಾರ ಕುಸಿದು ಖಾಲಿ ಬಿದ್ದಿದ್ದ ಭಟ್ಟಿಗಳಲ್ಲೇ ಹಲವರು ಕುಲುಮೆ ಹೂಡಿದರು.

ಅವರು ಮಾಡಿದ್ದು ಪಿಂಗಾಣಿಯಲ್ಲ. ಪಿಂಗಾಣಿಯ ಗುಟ್ಟು ಅವರಿಗೆ ತಿಳಿದಿರಲೇ ಇಲ್ಲ. ಸಾಧಾರಣ ಜೇಡಿಮಣ್ಣಿನ ಪಾತ್ರೆಯನ್ನು ಸುಟ್ಟು, ತವರ ಬೆರೆತ ಬಿಳಿ ದ್ರಾವಣದಲ್ಲಿ ಅದ್ದಿ, ಅದರ ಮೇಲೆ ಕೋಬಾಲ್ಟಿನಿಂದ ಚಿತ್ರ ಬರೆದು ಮತ್ತೆ ಸುಡುತ್ತಿದ್ದರು. ಬಿಳುಪೇನಿದ್ದರೂ ಮೇಲಿನ ಹೊದಿಕೆ ಮಾತ್ರ. ಹಳೆಯದನ್ನು ಗುರುತಿಸಲು ಇದೇ ಮೊದಲ ಕೀಲಿಕೈ. ಅಂಚಿನಲ್ಲಿ ಚೂರು ಎದ್ದ ಕಡೆ ನೋಡಿ: ಒಳಗೆ ಹಳದಿ ಅಥವಾ ಕಂದು ಛಾಯೆಯ ಮೆತ್ತನೆ ಮಣ್ಣು ಕಂಡರೆ ಕುತೂಹಲ ತಳೆಯಬಹುದು. ಒಳಗೂ ಅಚ್ಚ ಬಿಳಿಯಿದ್ದರೆ ಅದು ಬಹುಮಟ್ಟಿಗೆ ಈಚಿನ ಮಾಲು.

18ನೇ ಶತಮಾನದ ಕೊನೆಗೆ ಇಂಗ್ಲೆಂಡಿನ ಅಗ್ಗದ, ಗಟ್ಟಿ ಪಾತ್ರೆಗಳ ಮುಂದೆ ಡೆಲ್ಫ್ಟ್ ಸೋತಿತು. 19ನೇ ಶತಮಾನದ ಮಧ್ಯಭಾಗದಲ್ಲಿ ಊರಿನ ಹಳೆಯ ಕಾರ್ಖಾನೆಗಳ ಪೈಕಿ ಉಳಿದದ್ದು ಒಂದೇ, 1653ರ ‘ಡೆ ಪೋರ್ಸೆಲೇನ್ ಫ್ಲೆಸ್’. ಅದನ್ನು 1876ರಲ್ಲಿ ಕೊಂಡ ಯೋಸ್ಟ್ ಥೋಫ್ಟ್ ಎಂಬ ಎಂಜಿನಿಯರ್ ಕೈಚಿತ್ರದ ಕಲೆಗೆ ಮತ್ತೆ ಜೀವ ಕೊಟ್ಟ. ಇಂದು ‘ರಾಯಲ್ ಡೆಲ್ಫ್ಟ್’ ಎಂದು ಪ್ರಸಿದ್ಧವಾಗಿರುವುದು ಇದೇ ಕಾರ್ಖಾನೆ. ಇದರ ಕೈಚಿತ್ರದ ಮಾಲಿನ ತಳದಲ್ಲಿ ಪುಟ್ಟ ಬಾಟಲಿಯ ಗುರುತು, ಥೋಫ್ಟ್‌ನ ಹೆಸರಿನ ಮೊದಲಕ್ಷರಗಳು, ಚಿತ್ರ ಬರೆದವರ ಸಂಕೇತ ಇರುತ್ತವೆ. 1879ರಿಂದ ವರ್ಷ ಸೂಚಿಸುವ ಅಕ್ಷರವೂ ಸೇರಿತು. ತಯಾರಾದ ವರ್ಷವನ್ನು ತಟ್ಟೆಯೇ ಹೇಳಿಬಿಡುತ್ತದೆ, ಓದಲು ಬರಬೇಕಷ್ಟೆ.

ಉಳಿದ ಬಹುಪಾಲು ಮಾಲು ಪ್ರವಾಸಿಗಳಿಗಾಗಿಯೇ ಹುಟ್ಟಿದ್ದು. ‘ಡೆಲ್ಫ್ಟ್ ಬ್ಲೂ’, ‘ಹ್ಯಾಂಡ್ ಪೇಂಟೆಡ್’, ‘ಮೇಡ್ ಇನ್ ಹಾಲೆಂಡ್’ ಎಂಬ ಬರಹಗಳು ಇದ್ದಷ್ಟೂ ಪಾತ್ರೆ ಹೊಸದೆಂದು ತಿಳಿಯಬೇಕು. ಆಮದು ಸರಕಿನ ಮೇಲೆ ದೇಶದ ಹೆಸರಿರಬೇಕೆಂದು ಅಮೆರಿಕ 1890ರ ಸುಂಕದ ಕಾನೂನಿನಲ್ಲಿ ವಿಧಿಸಿದ ನಂತರವೇ ಇಂಥ ಬರಹ ರೂಢಿಗೆ ಬಂದದ್ದು. ಡೆಲ್ಫ್ಟ್ ಹೆಸರು ಹೊತ್ತ ಗೋಡೆತಟ್ಟೆಗಳಲ್ಲಿ ಎಷ್ಟೋ ಬೆಲ್ಜಿಯಂನ ಬಾಕ್ ಕಾರ್ಖಾನೆಯಿಂದ ಬಂದವು! ಭೂತಗನ್ನಡಿ ಹಿಡಿದರೆ ಇನ್ನೊಂದು ಗುಟ್ಟು ಹೊರಬೀಳುತ್ತದೆ. ಕುಂಚದ ಗೆರೆ ಒಂದೆಡೆ ದಟ್ಟ, ಒಂದೆಡೆ ತೆಳು. ಅಚ್ಚಿನ ಚಿತ್ರದಲ್ಲಿ ಸಾಲು ಸಾಲು ಚುಕ್ಕಿಗಳು.

ನೆನಪಿನ ಕಾಣಿಕೆಯೆಂದರೆ ಬೆಲೆಯೇ ಇಲ್ಲವೆಂದಲ್ಲ. ಕೆಎಲ್‌ಎಂ ವಿಮಾನ ಸಂಸ್ಥೆ 1952ರಿಂದ ತನ್ನ ಮೇಲ್ದರ್ಜೆಯ ಪ್ರಯಾಣಿಕರಿಗೆ ಜಿನ್ ತುಂಬಿದ ಪುಟಾಣಿ ನೀಲಿ ಮನೆಗಳನ್ನು ಹಂಚುತ್ತ ಬಂದಿದೆ. ಅಪರೂಪದ ಮನೆಗಳಿಗೆ ಸಂಗ್ರಾಹಕರು ಒಳ್ಳೆಯ ಹಣ ಕೊಡುತ್ತಾರೆ. ಮಿಕ್ಕ ಅಚ್ಚಿನ ತಟ್ಟೆಗಳು ಕೆಲವೇ ಯೂರೋಗಳಿಗೆ ಹೋಗುತ್ತವೆ, ಅದೂ ಮುಕ್ಕಾಗದೆ ಉಳಿದಿದ್ದರೆ. 17ನೇ ಶತಮಾನದ ತಟ್ಟೆಗಾದರೋ ಅಂಚು ಮುಕ್ಕಾಗಿದ್ದರೂ ಗಿರಾಕಿ ಮುಖ ತಿರುಗಿಸುವುದಿಲ್ಲ. ಇಷ್ಟು ಮೆತ್ತನೆಯ ಮಣ್ಣು ಅಷ್ಟು ಕಾಲ ಬಳಸಿದ ಮೇಲೂ ಮುಕ್ಕಾಗದೆ ಉಳಿದಿದ್ದರೇ ಅವನಿಗೆ ಅನುಮಾನ.