ನೆತ್ತವೂ ಪಗಡೆಯೂ

ಭಾರತದ ದ್ಯೂತಪ್ರಸಂಗವನ್ನು ಪಾಠ ಹೇಳುವಾಗ ಉಪಾಧ್ಯಾಯರು ಸಾಮಾನ್ಯವಾಗಿ ವಿದ್ಯಾರ್ಥಿಗಳ ಕಣ್ಣಮುಂದೆ ನಿಲ್ಲಿಸುವ ಚಿತ್ರ ಪಗಡೆಯಾಟದ್ದು: ನಾಲ್ಕು ತೋಳುಗಳ ಹಾಸು, ನಾಲ್ಕು ಬಣ್ಣದ ಕಾಯಿಗಳು, ಅಂಗೈಗಳ ನಡುವೆ ಉಜ್ಜಿ ಉರುಳಿಸುವ ನೀಳವಾದ ದಾಳಗಳು. ಚಿತ್ರಕಾರರೂ ನಾಟಕಮಂಡಲಿಗಳೂ ಇದನ್ನೇ ತೋರಿಸುತ್ತ ಬಂದಿರುವರು. ಅಕ್ಷ, ಪಾಶಕ, ನೆತ್ತ, ಹಾಸಂಗಿ, ದಾಳ, ಪಗಡೆ ಎಂಬ ಮಾತುಗಳನ್ನು ಒಂದೇ ವಸ್ತುವಿನ ಪರ್ಯಾಯನಾಮಗಳೆಂಬಂತೆ ಟೀಕೆಗಳಲ್ಲಿ ಬಳಸುವುದೂ ರೂಢಿಯಾಗಿದೆ. ಈ ರೂಢಿಯಿಂದ ಕಾವ್ಯಾರ್ಥಕ್ಕೆ ಒದಗುವ ಹಾನಿ ಅಲ್ಪವಾದುದಲ್ಲ. ಸಂಸ್ಕೃತ ಸಭಾಪರ್ವದಲ್ಲಿ ಧರ್ಮರಾಜನು ಒಂದು ಪಣವನ್ನು ಹೆಸರಿಸಿದೊಡನೆಯೇ ಶಕುನಿಯು ಅಕ್ಷಗಳನ್ನು ಹಿಡಿದು ಗೆದ್ದೆನೆಂದುಬಿಡುತ್ತಾನೆ. ಕಾಯಿಗಳನ್ನು ಮನೆಯಿಂದ ಮನೆಗೆ ನಡೆಸುವ ಮಾತೇ ಅಲ್ಲಿಲ್ಲ. ಪಗಡೆಯ ಒಂದು ಆಟ ಮುಗಿಯುವುದಕ್ಕೆ ಎಷ್ಟು ಹೊತ್ತು ಹಿಡಿಯುವುದೆಂಬುದನ್ನು ಬಲ್ಲವರಿಗೆ, ಒಂದೇ ಕೂಟದಲ್ಲಿ ಕೋಶ, ರಥ, ಗಜ, ರಾಜ್ಯ, ತಮ್ಮಂದಿರು, ತಾನು, ಕಟ್ಟಕಡೆಗೆ ದ್ರೌಪದಿ, ಇಷ್ಟೂ ಸೋತುಹೋದ ಬಗೆ ಪಗಡೆಯ ಚಿತ್ರದಿಂದ ಬೋಧೆಯಾಗಲಾರದು.

ಹಾಗಾದರೆ ಆ ಆಟ ಯಾವುದು? ಇದಕ್ಕೆ ಉತ್ತರವನ್ನು ಋಗ್ವೇದದಿಂದಲೇ ಹುಡುಕಿಕೊಂಡು ಬರಬೇಕು. ಹತ್ತನೆಯ ಮಂಡಲದ ೩೪ನೆಯ ಸೂಕ್ತದಲ್ಲಿ ಜೂಜುಗಾರನೊಬ್ಬನು ತನ್ನ ದುರವಸ್ಥೆಯನ್ನು ತಾನೇ ಹೇಳಿಕೊಳ್ಳುತ್ತಾನೆ. ಹೆಂಡತಿ ದೂರವಾದಳು, ಅತ್ತೆ ದ್ವೇಷಿಸುವಳು, ತಾಯಿತಂದೆಗಳೂ ಒಡಹುಟ್ಟಿದವರೂ ಇವನನ್ನು ತಾವರಿಯೆವೆನ್ನುವರು. ಆದರೂ ಅಕ್ಷಗಳ ಸದ್ದು ಕಿವಿಗೆ ಬಿದ್ದೊಡನೆ ಇವನ ಕಾಲು ಸಭೆಯ ಕಡೆಗೇ ತಿರುಗುವುದು. ಈ ಅಕ್ಷಗಳು ದಂತದ ದಾಳಗಳಲ್ಲ, ವಿಭೀದಕದ ಕಾಯಿಗಳು. ವಿಭೀದಕವೆಂದರೆ ಕನ್ನಡದ ತಾರೆಯ ಮರ. ಅಳಲೆ, ನೆಲ್ಲಿಗಳೊಡನೆ ಸೇರಿ ತ್ರಿಫಲೆಯೆನಿಸಿಕೊಳ್ಳುವ ತಾರೆಕಾಯಿ ನಾಟಿವೈದ್ಯರ ಮನೆಗಳಲ್ಲಿ ಸುಪರಿಚಿತವಾದುದು. ಅದರ ಮೈಮೇಲೆ ಚುಕ್ಕೆಗಳಿಲ್ಲ, ಎಣಿಸತಕ್ಕ ಮುಖಗಳೂ ಇಲ್ಲ. ಇದಲ್ಲದೆ ಸೂಕ್ತವು ಅಕ್ಷಗಳ ಗುಂಪನ್ನು ಹೇಳುವಾಗ ಬಳಸುವ ಸಂಖ್ಯಾಪದವನ್ನು ಕೆಲವರು ಐವತ್ತಮೂರೆಂದೂ ಕೆಲವರು ನೂರೈವತ್ತೆಂದೂ ಅರ್ಥಮಾಡಿದ್ದಾರೆ. ಎರಡರಲ್ಲಿ ಯಾವುದನ್ನು ಒಪ್ಪಿದರೂ ಇದು ಎರಡು ಮೂರು ದಾಳಗಳ ಆಟವಲ್ಲವೆಂಬುದು ನಿಶ್ಚಯ.

ಗುರುತಿಲ್ಲದ ಅಷ್ಟೊಂದು ಕಾಯಿಗಳಿಂದ ಸೋಲುಗೆಲುವು ಹೇಗೆ ತೀರ್ಮಾನವಾಗುತ್ತಿತ್ತೆಂಬುದನ್ನು ಜರ್ಮನಿಯ ಸಂಸ್ಕೃತ ವಿದ್ವಾಂಸರಾದ ಹೈನ್ರಿಖ್ ಲ್ಯೂಡರ್ಸರು ೧೯೦೭ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ವಿಶದಪಡಿಸಿದರು. ಕಾಯಿಗಳ ಸಂಖ್ಯೆಯನ್ನು ನಾಲ್ಕರಿಂದ ಭಾಗಿಸಿ ಶೇಷವುಳಿಯದಿದ್ದರೆ ಅದು ಕೃತ. ಮೂರು ಉಳಿದರೆ ತ್ರೇತಾ, ಎರಡುಳಿದರೆ ದ್ವಾಪರ, ಒಂದೇ ಉಳಿದರೆ ಕಲಿ. ಕೃತವು ಎಲ್ಲವನ್ನೂ ಗೆಲ್ಲುವುದು, ಕಲಿಯದು ಸೋಲು. ಯುಗಗಳ ಹೆಸರುಗಳು ಜೂಜಿನ ಮಣೆಯಿಂದ ಎದ್ದು ಬಂದವೆಂದರೆ ಕೆಲವರಿಗೆ ರುಚಿಸದಿರಬಹುದು. ಆದರೆ ಛಾಂದೋಗ್ಯೋಪನಿಷತ್ತಿನಲ್ಲಿ ರೈಕ್ವನ ಮಹಿಮೆಯನ್ನು ಹೇಳುವಾಗ, ಕೃತವನ್ನು ಗೆದ್ದವನಿಗೆ ಕೆಳಗಿನ ಎಸೆತಗಳೆಲ್ಲವೂ ಸೇರುವಂತೆ ಜನರು ಮಾಡಿದ ಪುಣ್ಯವೆಲ್ಲ ಅವನಿಗೇ ಸೇರುವುದೆಂಬ ಉಪಮೆಯೇ ಬಂದಿದೆ. ಬ್ರಹ್ಮವಿದ್ಯೆಯ ಪ್ರಕರಣದಲ್ಲಿಯೇ ಜೂಜಿನ ಉಪಮಾನವನ್ನು ತರುವುದಕ್ಕೆ ಋಷಿಗಳು ಸಂಕೋಚಪಡಲಿಲ್ಲ.

ಇಂಥ ಆಟದಲ್ಲಿ ಗೆಲ್ಲುವುದಕ್ಕೆ ಬೇಕಾದದ್ದು ಬರಿಯ ಅದೃಷ್ಟವಲ್ಲ, ಕಣ್ಣಳತೆ. ರಾಶಿಯನ್ನು ನೋಡಿದೊಡನೆ ಅದರ ಎಣಿಕೆಯನ್ನು ಅರಿಯಬಲ್ಲವನೇ ಅಕ್ಷಕುಶಲ. ವನಪರ್ವದ ನಳೋಪಾಖ್ಯಾನದಲ್ಲಿ ಇದಕ್ಕೆ ಅತಿ ಸ್ಪಷ್ಟವಾದ ಸಾಕ್ಷ್ಯವಿದೆ. ಬಾಹುಕನು ನಡೆಸುವ ರಥದಲ್ಲಿ ಕುಳಿತು ಸಾಗುತ್ತಿದ್ದ ಋತುಪರ್ಣರಾಜನು ದಾರಿಯ ಬದಿಯ ವಿಭೀತಕವೃಕ್ಷವೊಂದನ್ನು ನೋಡಿ ಅದರ ಎಲೆಗಳ ಮತ್ತು ಕಾಯಿಗಳ ಸಂಖ್ಯೆಯನ್ನು ಥಟ್ಟನೆ ಹೇಳಿಬಿಡುವನು. ನಳನು ಎಣಿಸಿ ನೋಡಲು ಲೆಕ್ಕ ಸರಿಯಾಗಿರುವುದು. ಆಗ ರಾಜನು ತಾನು ಅಕ್ಷಹೃದಯವನ್ನು ಬಲ್ಲವನೆಂದೂ ಸಂಖ್ಯಾನದಲ್ಲಿ ವಿಶಾರದನೆಂದೂ ಹೇಳಿ ನಳನಿಗೆ ಆ ವಿದ್ಯೆಯನ್ನು ಕೊಡುವನು. ವಿದ್ಯೆ ಕೈಸೇರಿದೊಡನೆ ನಳನ ಮೈಯಿಂದ ಕಲಿಯು ಹೊರಬಿದ್ದು ಅದೇ ತಾರೆಯ ಮರದೊಳಗೆ ಅಡಗುವನು. ಪಗಡೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಓದುವವರಿಗೆ ಎಲೆಯೆಣಿಸುವುದಕ್ಕೂ ದಾಳವೆಸೆಯುವುದಕ್ಕೂ ಏನು ಸಂಬಂಧವೆಂದು ತೋಚುವುದಿಲ್ಲ. ಎಣಿಕೆಯ ಆಟವೆಂದು ತಿಳಿದವರಿಗೆ ಆ ಮರ, ಆ ಲೆಕ್ಕ, ಆ ಕಲಿ ಮೂರೂ ಒಂದೇ ಸೂತ್ರದಲ್ಲಿ ಕೋದುಕೊಳ್ಳುತ್ತವೆ.

ಶಕುನಿಯ ವಿಷಯಕ್ಕೆ ಬರುವುದಾದರೆ, ಸಭಾಪರ್ವದಲ್ಲಿ ಅವನು ದುರ್ಯೋಧನನಿಗೆ ತನ್ನ ಬಲವನ್ನು ವಿವರಿಸುವ ಸ್ಥಳವೊಂದುಂಟು. ಪಣಗಳೇ ಬಿಲ್ಲು, ಅಕ್ಷಗಳೇ ಬಾಣ, ಅಕ್ಷಗಳ ಹೃದಯವೇ ಹೆದೆ, ಕೆಳಗೆ ಹರಡುವ ಹಾಸೇ ರಥವೆಂಬುದು ಅವನ ಮಾತಿನ ಅಭಿಪ್ರಾಯ. ಇಲ್ಲಿನ ಹಾಸು ಅಕ್ಷಗಳನ್ನು ಚೆಲ್ಲುವುದಕ್ಕಾಗಿ ಇರುವುದೇ ಹೊರತು ಮನೆಗಳನ್ನು ಬರೆದ ಪಗಡೆಯ ಹಾಸಲ್ಲ. ಋತುಪರ್ಣನು ನಳನಿಗೆ ಕೊಟ್ಟ ಅಕ್ಷಹೃದಯವನ್ನೇ ಶಕುನಿಯೂ ಹೆಸರಿಸುತ್ತಾನೆಂಬುದು ಗಮನಾರ್ಹ. ಅವನು ವಂಚನೆಯನ್ನು ಆಶ್ರಯಿಸಿದನೆಂದು ವ್ಯಾಸಭಾರತವು ಪ್ರತಿಯೊಂದು ಎಸೆತಕ್ಕೂ ಹೇಳುವುದು ನಿಜ. ಆದರೆ ಆ ವಂಚನೆ ಯಾವ ಬಗೆಯದೆಂದು ಅದು ಬಿಡಿಸಿ ಹೇಳುವುದಿಲ್ಲ. ಈ ತೆರಪನ್ನು ತುಂಬಿದುದು ಜನರ ಕಲ್ಪನೆ. ಸೆರೆಯಲ್ಲಿ ಸತ್ತ ತಂದೆಯ ಮೂಳೆಯಿಂದ ಶಕುನಿಯು ದಾಳಗಳನ್ನು ಮಾಡಿಕೊಂಡನೆಂದೂ ಅವು ಅವನ ಮಾತಿನಂತೆ ಬೀಳುತ್ತಿದ್ದುವೆಂದೂ ಹೇಳುವ, ಕನ್ನಡನಾಡಿನಲ್ಲಿ ಮನೆಮನೆಗೂ ತಿಳಿದಿರುವ ಕಥೆ ಸಂಸ್ಕೃತಮೂಲದಲ್ಲಿಲ್ಲ. ಕಡೆದು ರೂಪಿಸಿದ, ಮುಖಗಳಲ್ಲಿ ಅಂಕೆಗಳುಳ್ಳ ದಾಳಗಳು ಬಳಕೆಗೆ ಬಂದು, ತಾರೆಕಾಯಿಯ ಆಟ ನೆನಪಿನಿಂದ ಅಳಿದ ಮೇಲೆಯೇ ಇಂಥ ಕಥೆ ಹುಟ್ಟಲು ಸಾಧ್ಯ. ಎಣಿಕೆಯ ಆಟದಲ್ಲಿ ಮಾಟದ ದಾಳಕ್ಕೆ ಕೆಲಸವಿಲ್ಲ.

ಮಹಾಭಾರತವೆಲ್ಲವೂ ಈ ಒಂದೇ ಆಟವನ್ನು ತಿಳಿದಿತ್ತೆಂದು ಹೇಳಿದರೆ ಅದೂ ತಪ್ಪಾದೀತು. ವಿರಾಟಪರ್ವದ ಆರಂಭದಲ್ಲಿ ಧರ್ಮರಾಜನು ಕಂಕನೆಂಬ ಹೆಸರಿನಿಂದ ಮತ್ಸ್ಯರಾಜನ ಸಭಾಸದನಾಗಿರುವೆನೆಂದು ತಮ್ಮಂದಿರಿಗೆ ಹೇಳುವಾಗ ವೈಡೂರ್ಯ, ಸುವರ್ಣ, ದಂತಗಳಿಂದಾದ, ಕಪ್ಪು ಮತ್ತು ಕೆಂಪು ಬಣ್ಣದ ಆಟದ ಸಾಮಗ್ರಿಯನ್ನು ವರ್ಣಿಸುತ್ತಾನೆ. ಕಾಡಿನ ಕಾಯಿಗೆ ಈ ವರ್ಣನೆ ಹೊಂದದು. ಉತ್ತರನ ವಿಜಯವನ್ನು ಕುರಿತ ವಾದದಲ್ಲಿ ವಿರಾಟನು ಸಿಟ್ಟಿನಿಂದ ಅಕ್ಷವನ್ನೆಸೆದು ಕಂಕನ ಮುಖದಲ್ಲಿ ನೆತ್ತರು ಬರಿಸಿದನೆಂಬ ಪ್ರಸಂಗಕ್ಕೂ ಹಗುರವಾದ ತಾರೆಕಾಯಿಗಿಂತ ಕಡೆದು ಮಾಡಿದ ಗಟ್ಟಿಯಾದ ದಾಳವೇ ಹೆಚ್ಚು ಒಪ್ಪುವುದು. ಒಂದೇ ಗ್ರಂಥದಲ್ಲಿ ಹಳೆಯ ಆಟವೂ ಹೊಸ ಆಟವೂ ಪದರಪದರವಾಗಿ ಉಳಿದಿವೆ. ಹೊಸತೆಂಬ ಮಾತನ್ನೂ ಎಚ್ಚರಿಕೆಯಿಂದ ಬಳಸಬೇಕು. ಮೊಹೆಂಜೊದಾರೋವಿನ ಅಗೆತದಲ್ಲಿ ಸುಟ್ಟಮಣ್ಣಿನ ಘನಾಕೃತಿಯ ದಾಳಗಳು ದೊರೆತುವು. ಅವುಗಳಲ್ಲಿ ಒಂದಕ್ಕೆದುರು ಎರಡು, ಮೂರಕ್ಕೆದುರು ನಾಲ್ಕು, ಐದಕ್ಕೆದುರು ಆರು ಇರುವುದನ್ನು ಮಾರ್ಷಲ್ಲರ ೧೯೩೧ರ ಗ್ರಂಥವು ವರದಿಮಾಡಿದೆ. ಎದುರುಬದುರಿನ ಮುಖಗಳನ್ನು ಕೂಡಿಸಿದರೆ ಏಳಾಗಬೇಕೆಂಬ ಈಗಿನ ಕಟ್ಟಳೆ ಅವಕ್ಕಿಲ್ಲ. ಆದಕಾರಣ ಮುಖಗಳುಳ್ಳ ದಾಳ ತಾರೆಕಾಯಿಯ ತರುವಾಯ ಹುಟ್ಟಿತೆನ್ನುವುದಕ್ಕಿಂತ, ಆರ್ಯರ ಸಭೆಗಳಲ್ಲಿ ಅದು ಬಹುಕಾಲ ಮಾನ್ಯವಾಗಿರಲಿಲ್ಲವೆನ್ನುವುದು ಲೇಸು.

ಇವೆರಡರ ನಡುವೆ ಮತ್ತೊಂದು ಬಗೆಯ ಆಟವಿತ್ತು. ಕನ್ನಡದ ಮನೆಗಳ ಮಟ್ಟಿಗೆ ಇದೇ ಹೆಚ್ಚು ಮುಖ್ಯವಾದುದು. ಪಾಣಿನಿಯು ಅವ್ಯಯೀಭಾವದ ಪ್ರಕರಣದಲ್ಲಿ (೨.೧.೧೦) ಅಕ್ಷಪರಿ, ಶಲಾಕಾಪರಿ, ಏಕಪರಿ ಮುಂತಾದ, ಸೋಲನ್ನು ಸೂಚಿಸುವ ಪದಗಳಿಗೆ ಸೂತ್ರವನ್ನು ರಚಿಸಿದ್ದಾನೆ. ಕಾಶಿಕಾವೃತ್ತಿಯು ಅಲ್ಲಿ ಪಂಚಿಕೆಯೆಂಬ ದ್ಯೂತವನ್ನು ವಿವರಿಸುತ್ತದೆ. ಐದು ಅಕ್ಷಗಳನ್ನು ಅಥವಾ ಶಲಾಕೆಗಳನ್ನು ಎಸೆಯುವುದು. ಐದೂ ಅಂಗಾತವಾಗಿಯೋ ಐದೂ ಕವುಚಿಯೋ ಬಿದ್ದರೆ ಎಸೆದವನಿಗೆ ಗೆಲುವು, ಒಂದಾದರೂ ಬೇರೆಯಾಗಿ ಬಿದ್ದರೆ ಸೋಲು. ಒಂದರಿಂದ ಕೆಟ್ಟುದು ಏಕಪರಿ. ಇಲ್ಲಿ ರಾಶಿಯೆಣಿಕೆಯಿಲ್ಲ, ಚುಕ್ಕೆಗಳೂ ಇಲ್ಲ. ಬಿದ್ದ ಬಗೆಯೊಂದೇ ಲೆಕ್ಕ.

ಚೌಕಾಬಾರವನ್ನು ಆಡಿಬಲ್ಲವರಿಗೆ ಇದು ಅಪರಿಚಿತವೆನಿಸದು. ಕಟ್ಟೆಮನೆಯೆಂದೂ ಹೆಸರುಳ್ಳ ಈ ಆಟಕ್ಕೆ ಐದೈದು ಮನೆಗಳ ಐದು ಸಾಲುಗಳನ್ನು ನೆಲದ ಮೇಲೆ ಸುಣ್ಣದಕಡ್ಡಿಯಿಂದ ಬರೆದರೆ ಸಾಕು. ನಾಲ್ವರು ನಾಲ್ಕು ಕಡೆ ಕುಳಿತು ತಮ್ಮ ತಮ್ಮ ನಾಲ್ಕು ಕಾಯಿಗಳನ್ನು ಹೊರಸುತ್ತಿನಿಂದ ಒಳಸುತ್ತಿಗೆ, ಅಲ್ಲಿಂದ ನಡುಮನೆಗೆ ನಡೆಸಿ ಹಣ್ಣುಮಾಡಬೇಕು. ಗೀಟುಹಾಕಿದ ಕಟ್ಟೆಯಲ್ಲಿ ಕುಳಿತ ಕಾಯಿಯನ್ನು ಹೊಡೆಯುವಂತಿಲ್ಲ. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲವೆಂಬ ಕಟ್ಟಳೆ ಬಹುಕಡೆ ಉಂಟು. ಎಸೆಯುವುದು ನಾಲ್ಕು ಕವಡೆ, ಅವು ದೊರೆಯದಿದ್ದರೆ ಸೀಳಿದ ಹುಣಿಸೆಬೀಜ. ಎಷ್ಟು ಕವಡೆ ಬಾಯಿ ಮೇಲಾಗಿ ಬೀಳುವುವೋ ಅಷ್ಟು ಮನೆ ನಡೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಕವುಚಿ ಬಿದ್ದರೆ ಸೊನ್ನೆಯಲ್ಲ, ಬಾರ, ಅಂದರೆ ಎಂಟು. ಈ ಎರಡು ಗರಗಳಿಗೆ ಮಾತ್ರ ಮರಳಿ ಎಸೆಯುವ ಹಕ್ಕು. ಎಲ್ಲವೂ ಒಂದೇ ಬಗೆಯಾಗಿ ಬೀಳುವುದೇ ಶ್ರೇಷ್ಠವೆಂಬ ಪಂಚಿಕೆಯ ತತ್ತ್ವ ಇಲ್ಲಿ ಇನ್ನೂ ಉಸಿರಾಡುತ್ತಿದೆ. ಅದರಿಂದ ಇದು ನೇರವಾಗಿ ಇಳಿದು ಬಂದಿತೆಂದು ಸಾಧಿಸುವ ಅಗತ್ಯವಿಲ್ಲ. ಕಾಶಿಕೆಯ ಆ ವಾಕ್ಯವನ್ನು ಪಾಠ ಹೇಳುವವರಿಗೆ ಅಡಿಗೆಮನೆಯ ಜಗಲಿಯಲ್ಲೇ ಉದಾಹರಣೆ ಸಿಕ್ಕುವುದೆಂಬುದಿಷ್ಟೇ ಸಾಕು.

ಋಗ್ವೇದದಲ್ಲಿ ಮನೆಯನ್ನು ಮುರಿದ ಆಟ ಮನೆಯೊಳಗೆ ಬಂದು ಕುಳಿತದ್ದು ಹೇಗೆ? ಒಂದು ಕಡೆ ರಾಜಶಾಸನ ಜೂಜನ್ನು ಬೇಲಿ ಕಟ್ಟಿ ನಿಲ್ಲಿಸಿತು. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದ್ಯೂತಾಧ್ಯಕ್ಷನೆಂಬ ಅಧಿಕಾರಿ ಇದ್ದಾನೆ. ಗೊತ್ತಾದ ಒಂದೇ ಸ್ಥಳದಲ್ಲಿ ಆಟ. ಬೇರೆಡೆ ಆಡಿದವನಿಗೆ ಹನ್ನೆರಡು ಪಣ ದಂಡ. ಕವಡೆಯನ್ನೂ ಅಕ್ಷವನ್ನೂ ಒದಗಿಸುವವನು ಅಧ್ಯಕ್ಷನೇ. ಗೆದ್ದ ದ್ರವ್ಯದಲ್ಲಿ ನೂರಕ್ಕೆ ಐದು ರಾಜನಿಗೆ. ಮನುವಂತೂ ದ್ಯೂತವನ್ನು ರಾಜ್ಯದಿಂದಲೇ ತೊಲಗಿಸಬೇಕೆನ್ನುತ್ತಾನೆ. ಮತ್ತೊಂದು ಕಡೆ ಧರ್ಮವೇ ಅದಕ್ಕೊಂದು ದಿನವನ್ನು ಬಿಟ್ಟುಕೊಟ್ಟಿತು. ಕಾರ್ತಿಕ ಶುದ್ಧ ಪಾಡ್ಯ, ಕನ್ನಡಿಗರ ಬಲಿಪಾಡ್ಯಮಿ, ದ್ಯೂತಪ್ರತಿಪದೆಯೂ ಹೌದು. ಅಂದು ಪಾರ್ವತಿಯು ಶಿವನನ್ನು ಆಟದಲ್ಲಿ ಗೆದ್ದಳೆಂಬುದು ಐತಿಹ್ಯ. ಎಲ್ಲೋರದ ೨೧ನೆಯ ಮತ್ತು ೨೯ನೆಯ ಗುಹೆಗಳ ಗೋಡೆಗಳಲ್ಲಿ ಆ ದಂಪತಿಗಳು ಆಡುತ್ತ ಕುಳಿತಿದ್ದಾರೆ. ಮುಂದೆ ರಾಷ್ಟ್ರಕೂಟರು ಕೈಲಾಸವನ್ನು ಕಡೆಯಿಸಿದ ಆ ಬೆಟ್ಟದಲ್ಲಿ, ಅದಕ್ಕೆ ಮೊದಲೇ ನೆತ್ತವು ಸತಿಪತಿಗಳ ವಿನೋದವಾಗಿ ಕಲ್ಲಿನಲ್ಲಿ ನಿಂತಿತ್ತು.

ಈ ಹಿನ್ನೆಲೆಯಿಟ್ಟುಕೊಂಡು ಪಂಪನ ವಿಕ್ರಮಾರ್ಜುನವಿಜಯದ (ಕ್ರಿ.ಶ. ೯೪೧) ಭಾನುಮತಿಯ ನೆತ್ತದ ಪ್ರಸಂಗವನ್ನು ನೋಡಬೇಕು. ಆ ಪದ್ಯದ ಅನ್ವಯದಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯಗಳುಂಟು, ಅವು ಹಾಗಿರಲಿ. ಪಣವಾಗಿದ್ದುದು ಕೊರಳ ಮುತ್ತಿನ ಹಾರ. ಆಟದ ಸಲಿಗೆಯಲ್ಲಿ ಅದು ಹರಿಯಿತು. ದುರ್ಯೋಧನನು ಕರ್ಣನನ್ನು ಶಂಕಿಸಲಿಲ್ಲ. ಈ ಸನ್ನಿವೇಶಕ್ಕೆ ಅರ್ಥ ಬರಬೇಕಾದರೆ ನೆತ್ತವು ಜೂಜುಗಾರರ ಸಭೆಯ ಆಟವಾಗಿರದೆ, ಅಂತಃಪುರದಲ್ಲಿ ಆಪ್ತರೊಡನೆ ಆಡತಕ್ಕ ಆಟವಾಗಿರಬೇಕು. ಅದೇ ಕಾವ್ಯದ ದ್ಯೂತದಲ್ಲಿ ರಾಜ್ಯವನ್ನು ನುಂಗಿದ ಆಟವೂ ನೆತ್ತವೇ. ಸ್ನೇಹದ ಪರಮಾವಧಿಯನ್ನೂ ದ್ವೇಷದ ಪರಮಾವಧಿಯನ್ನೂ ಕವಿ ಒಂದೇ ಆಟದ ಮೇಲೆ ನಿಲ್ಲಿಸಿದ್ದಾನೆ. ‘ಪಗಡೆ’ ಎಂಬ ಒಂದು ಪದದ ಟೀಕೆಯಿಂದ ಈ ಸ್ವಾರಸ್ಯ ಕೈತಪ್ಪುವುದು.

ಪಂಪನಿಗೆ ಎರಡು ಶತಮಾನಗಳ ತರುವಾಯ, ಕ್ರಿ.ಶ. ೧೧೩೦ರ ಸುಮಾರಿನಲ್ಲಿ, ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು ಪಾಶಕಕ್ರೀಡೆಯನ್ನೂ ವರಾಟಿಕಾಕ್ರೀಡೆಯನ್ನೂ, ಅಂದರೆ ದಾಳದ ಆಟವನ್ನೂ ಕವಡೆಯ ಆಟವನ್ನೂ, ಬೇರೆಬೇರೆಯಾಗಿ ನಿರೂಪಿಸುತ್ತದೆ. ಕನ್ನಡನಾಡಿನ ದೊರೆಯೇ ಎರಡನ್ನೂ ಬೆರಸದೆ ಹೇಳಿರುವಾಗ ಟೀಕಾಕಾರರು ಬೆರಸುವುದು ವಿಚಿತ್ರ. ಕುಮಾರವ್ಯಾಸನ ಹೊತ್ತಿಗೆ ಹಾಸಂಗಿಯನ್ನು ಚೆಲ್ಲಿ ಸಾರಿಯನ್ನು ನಡೆಸುವ ಆಟ ಮನೆಮಾತಾಗಿತ್ತು. ಅವನ ಸಭಾಪರ್ವದಲ್ಲಿ ಉರುಳುವುದು ತಾರೆಕಾಯಿಯಲ್ಲ, ಅವನ ಕಾಲದ ದಾಳವೇ. ಕವಿಗೆ ಅದು ದೋಷವಲ್ಲ. ಗದುಗಿನ ಶ್ರೋತೃಗಳಿಗೆ ಎದೆ ನಡುಗಬೇಕಾದರೆ ಅವರು ಬಲ್ಲ ಆಟವೇ ಬೇಕು. ಹಂಪೆಯ ಮಂಟಪಗಳ ನೆಲಗಲ್ಲುಗಳಲ್ಲಿ ಕೊರೆದ ಆಟದ ಮನೆಗಳನ್ನು ಇಂದಿಗೂ ಕಾಣಬಹುದು.

ಪಗಡೆಯ ನೀಳದಾಳಕ್ಕೆ ನಾಲ್ಕೇ ಮುಖ. ಕೆಲವೆಡೆ ಒಂದು, ಎರಡು, ಐದು, ಆರು, ಕೆಲವೆಡೆ ಒಂದು, ಮೂರು, ನಾಲ್ಕು, ಆರು ಎಂಬ ಅಂಕೆಗಳಿರುವುವು. ಎರಡರಲ್ಲಿಯೂ ಎದುರುಬದುರಿನವು ಕೂಡಿ ಏಳು. ಅಕ್ಬರನ ಆಸ್ಥಾನದಲ್ಲಿ ಹದಿನಾರು ಕಾಯಿಗಳಿಂದಲೂ ಮೂರು ದಾಳಗಳಿಂದಲೂ ಚೌಪಡವನ್ನು ಆಡುತ್ತಿದ್ದರೆಂದು ಅಬುಲ್ ಫಜಲನು ಬರೆದಿದ್ದಾನೆ. ಈ ಕುಲದ ಪಚೀಸಿಯೇ ಇಂಗ್ಲೆಂಡಿನಲ್ಲಿ ಸರಳಗೊಂಡು, ೧೮೯೬ರಲ್ಲಿ ಲೂಡೋ ಎಂಬ ಹೆಸರಿನಿಂದ ಹಕ್ಕುಪತ್ರ ಪಡೆದು, ರಟ್ಟಿನ ಹಾಸಾಗಿ ತಿರುಗಿ ಇದೇ ದೇಶದ ಮಕ್ಕಳ ಕೈಸೇರಿತು. ಅದರಲ್ಲಿ ಕವಡೆಯ ಸ್ಥಳವನ್ನು ಘನಾಕೃತಿಯ ಒಂಟಿ ದಾಳ ಆಕ್ರಮಿಸಿದೆ. ಎಲ್ಲವೂ ಒಂದೇ ಬಗೆಯಾಗಿ ಬೀಳುವ ಮಾತಿಗೆ ಅಲ್ಲಿ ಎಡೆಯಿಲ್ಲದುದರಿಂದ, ಮರಳಿ ಎಸೆಯುವ ಹಕ್ಕು ಆರರ ಗರಕ್ಕೆ ಸೇರಿತು.